ಶಿಕ್ಕಾ

ಗುಮ್ಮಟ ನೋಡಾಕ ಬಂದವರು ಈ ಗಲ್ಲಿಗೆ ಬರೂದಿಲ್ಲ.
ಗಾಂಧಿ ಚೌಕದ ಹಿಂದ, ಹೊಲಿಗಿ ಮಷೀನಿನವನ ಮಗ್ಗಲಕ್ಕ
ಎರಡು ಗಜದ ಅಂಗಡಿ. ಬೋರ್ಡಿನ ಮ್ಯಾಲ ಲಾಳೇಮಶಾಕ ಅಂತ ಇತ್ತು,
ಬಿಸಿಲಿಗೆ ‘ಲಾ’ ಹಾರಿಹೋತು.
ಮಂದಿ ಈಗ ಬರೇ ಶಿಕ್ಕಾದ ಮಾಮಾ ಅಂತಾರ.

ಮೂವತ್ತೊಂದು ವರ್ಷ ಅಕ್ಷರ ಉಲ್ಟಾ ಕಡದೀನಿ,
ಮೊದಲ ಬ್ಲೇಡು, ಈಗ ಮಷೀನು.
ಸೀದಾ ಅಕ್ಷರ ಓದೂವಾಗ ಒಂದು ಗಳಿಗಿ ತಡವರಸತೀನಿ,
ಪೇಪರಿನ ಹೆಡ್‌ಲೈನು ಬಲದಿಂದ ಹಿಡೀತೀನಿ.
ಓಟು ಹಾಕಿದವರ ಬಟ್ಟಿನ ಮಸಿ
ಉಗುರು ಬೆಳದಂಗ ಬೆಳದಂಗ ಹೋಗತದ.
ನಂದು ಹೋಗಿಲ್ಲ. ಸಾಬೂನಿಗೂ, ಸೀಮಿಎಣ್ಣಿಗೂ.

‘ಅಧ್ಯಕ್ಷರು’ ಅಂತ ಎಷ್ಟು ಕಡದಿರಬೇಕು!
ಒಬ್ಬ ಅಧ್ಯಕ್ಷರೂ ಒಯ್ಯಾಕ ಬಂದದ್ದಿಲ್ಲ.
ಮೈದುನ ಬಂದಾನ, ಜೀಪಿನ ಡ್ರೈವರ್ ಬಂದಾನ,
ಹೆಚ್ಚಾಗಿ ಬರಾಂವ ರಾವುತಪ್ಪ,
ಡಾಂಬರಿನ ಸಾವಕಾರರ ಲೆಕ್ಕ ಬರಿಯಾಂವ.
ಕಿಸೆದಾಗ ಮೂರು ಪೆನ್ನು, ಬಾಯಾಗ ಲವಂಗ.
ಯಾವ ಚುನಾವಣ್ಯಾಗೂ ನಿಂತಾಂವ ಅಲ್ಲ,
ಸಾವಕಾರರೂ ನಿಂತವರಲ್ಲ. ‘ನಮಗ್ಯಾಕ್ರಿ ರಾಜಕೀಯ?’ ಅಂತಾನ.
ಹನ್ನೊಂದು ಊರಿನ ಶಿಕ್ಕಾ
ಅವನ ಅಡಕಿ ಡಬ್ಬಿಯೊಳಗ ಕೂಡತಾವ
ಒಂದರ ಮೂತಿಗೆ ಒಂದು ಮಸಿ ಹಚಗೊಂಡು.

ಆ ಸಲ ಓಟಿಗೆ ಇನ್ನೂ ಎಂಟು ದಿನ ಇತ್ತು.
ಚೌಕದಾಗ ಮೈಕು ಒದರತಿತ್ತು, ‘ನಿಮ್ಮ ಅಮೂಲ್ಯವಾದ ಮತ’.
ಇಂವ ಕೌಂಟರಿನ ಮ್ಯಾಲ ಚೀಟಿ ಇಟ್ಟ:
ಹನ್ನೊಂದು, ಹೊಸಾವು.
ಯಾರು ಆರಿಸಿ ಬರತಾರೋ ಗೊತ್ತಿಲ್ಲಲ್ಲೋ, ಅಂದೆ.
ಹೆಸರು ಯಾಂವ ಕೇಳ್ಯಾನ ಮಾಮಾ, ಹುದ್ದೆ ಕಡಿ, ಅಂದ.
ಬರಾವ್ರು ಬರತಾರ, ಹೋಗಾವ್ರು ಹೋಗತಾರ.
ಹಳೇವು ಸವದಾವು. ಅಷ್ಟು ಒತ್ತೇವಿ.
ನಗಲಿಲ್ಲ ಅಂವ.
ಲವಂಗ ಕಡದ, ಅಡ್ವಾನ್ಸ್ ಕೊಟ್ಟ.

ಮುಂದಿನ ತಿಂಗಳು, ಮಟಮಟ ಮಧ್ಯಾಹ್ನ,
ಒಬ್ಬಾಕಿ ಬಂದು ನಿಂತಳು. ಸೆರಗಿನ ತುದಿಗೆ ಬಸ್ ಟಿಕೀಟು ಗಂಟು,
ತೋರಬಟ್ಟಿನ ಉಗುರಿಗೆ ಇನ್ನೂ ಮಸಿ.
ಡೋಣಿ ದಂಡಿಯ ಊರಾಕಿ, ಭೌರವ್ವ.
‘ನಾ ಅಧ್ಯಕ್ಷಿ ಆಗೇನಿ. ನನ್ನ ಶಿಕ್ಕಾ ನಾನಽ ನೋಡಿಲ್ಲ.
ಹೆಂಗಿರತದ ಅದು?’

ನೀ ಆರಿಸಿ ಬರೂಕಿಂತ ಮೊದಲಽ
ಅದು ಡಬ್ಬಿ ಸೇರೇದ ಅಂತ ಹೇಳಲೇನು?
ಕಾಯದೆ ಹೇಳಿದೆ. ಪಂಚಾಯ್ತಿ ಪತ್ರ ಬೇಕಾಗತದಬೇ ಯವ್ವಾ,
ಪತ್ರದ ಮ್ಯಾಲ ಶಿಕ್ಕಾ ಬೇಕು.
‘ಶಿಕ್ಕಾ ಮಾಡಾಕ ಶಿಕ್ಕಾ?’
ಹೌದು.

ಕಟ್ಟಿ ಮ್ಯಾಲ ಕುಂತಳು. ನೀರು ಕೇಳಿದಳು. ಏಳಲಿಲ್ಲ.
ಡೋಣಿಗೆ ಸೇತುವಿ ಆಗೇದಂತ, ಕಾಗದದಾಗ, ಎರಡು ಸಲ.
ಮೊನ್ನೆ ಹೊಳಿ ಬಂದಾಗ
ಬಾಣಂತಿನ್ನ ಹೊರಸಿನ ಮ್ಯಾಲ ಹೊತ್ತು ದಾಟಿಸ್ಯಾರ.
‘ಎರಡೂ ಬಿಲ್ಲಿಗೆ ಅಧ್ಯಕ್ಷರ ಶಿಕ್ಕಾ ಅದ.
ಎರಡನೇದು, ನಾ ಕುರ್ಚಿಗೆ ಕುಂತ ವಾರದ್ದು.’

ಪತ್ರ ಇಲ್ಲದಽ ಕಡದು ಕೊಟ್ಟೆ.
ರೊಕ್ಕ ತಗೊಂಡೆ, ಸುಳ್ಳು ಯಾಕ ಹೇಳಲಿ.

ನಾಕು ದಿನಕ್ಕ ತಿರಗಿ ಬಂದಳು.
ಬ್ಯಾಂಕಿನಾಂವ ಭೂತಗನ್ನಡಿ ಹಿಡದು ನೋಡಿದನಂತ.
ಫೈಲಿನ್ಯಾಗ ಇದ್ದದ್ದಕ್ಕ ಇದು ತಾಳಿ ಆಗೂದಿಲ್ಲವ್ವ,
ಇದು ಖೊಟ್ಟಿ.
ಅಧ್ಯಕ್ಷಿ ಅವನ ಎದುರಿಗೇ ನಿಂತಿದ್ದಳು.
ಫೈಲಿನ್ಯಾಗ ಆಕಿ ಇರಲಿಲ್ಲ.

‘ಇಟಗೋ’ ಅಂದು ಕೌಂಟರಿನ ಮ್ಯಾಲ ಇಟ್ಟು
ಮೂರೂವರಿ ಬಸ್ಸಿಗೆ ಓಡಿದಳು.

ಐದು ವರ್ಷ ಆತು.
ಹೋದ ವಾರ ರಾವುತಪ್ಪ ಬಂದಿದ್ದ. ಈ ಸಲ ಹದಿನಾಲ್ಕು.
ಓಟಿನ ತಾರೀಖು ಇನ್ನೂ ಪೇಪರಿನ್ಯಾಗ ಬಂದಿಲ್ಲ.
ಅಡ್ವಾನ್ಸ್ ಎಣಿಸಿಕೊಂಡೆ, ಒಂದು ನೋಟು ಹರದಿತ್ತು,
ಬದಲಿ ಮಾಡಿಸಿಕೊಂಡೆ.

ಭೌರವ್ವಂದು ಗಲ್ಲಾದಾಗ ಅದ, ಚಿಲ್ಲರದ ಮಗ್ಗಲಕ್ಕ.
ವಾರಕ್ಕೊಮ್ಮೆ, ಗಿರಾಕಿ ಇಲ್ಲದಾಗ,
ಮಸಿ ಹಚ್ಚಿ ರದ್ದಿ ಹಾಳಿ ಮ್ಯಾಲ ಒತ್ತತೀನಿ.
ರಬ್ಬರು ಅದು.
ಬಳಸದಽ ಇಟ್ಟರ ಬಿರೀತದ.